ಮಧ್ಯಾಹ್ನದ ಲೈನ್

ರೇಲ್ವೆ ಕ್ವಾರ್ಟರ್ಸ್, ವಾಡಿ
೧೪ ಜುಲೈ ೧೯೭೯

ಚಿ. ಕಸ್ತೂರಿಗೆ,

ನಿನ್ನ ಅವ್ವ ಅನಸುಬಾಯಿ ಮನಸಾರೆ ಮಾಡುವ ಆಶೀರ್ವಾದ. ನಾವಿಲ್ಲಿ ಆರಾಮ ಇದ್ದೀವಿ, ನೀನೂ ಹಾಸ್ಟೆಲಿನ್ಯಾಗ ಆರಾಮ ಇದ್ದಿ ಅಂತ ತಿಳಕೊಂಡೀನಿ. ನಿಮ್ಮಪ್ಪಗ ಮೊಳಕಾಲ ಬ್ಯಾನಿ ಒಂದು ಬಿಟ್ರ ಮತ್ತೇನಿಲ್ಲ. ಅದೂ ರಾತ್ರಿ ಪಾಳಿ ಬಂದಾಗಷ್ಟೇ ಬರ್ತದ, ಹಗಲ ಪಾಳಿ ಇದ್ರ ತಾನಾಗೇ ವಾಸಿ ಆಗ್ತದ.

ನಿನ್ನ ಎರಡೂ ಕಾಗದ ಮುಟ್ಯಾವ. ಮೊದಲನೇದಕ್ಕ ಉತ್ತರ ಬರೀಲಿಲ್ಲ ಅಂತ ಎರಡನೇದ್ರಾಗ ಬೈದಿ. ಬೈಸ್ಕೊಳ್ಳೋ ಕೆಲಸ ಮಾಡೀನಿ, ಬೈಸ್ಕೊಂಡೀನಿ, ಮುಗೀತು. ಕೆಲಸದ ಗದ್ಲ ಇತ್ತು ಅಂತ ಸುಳ್ಳು ಹೇಳೂದಿಲ್ಲ. ಬರೀಲಿಕ್ಕೆ ಕುಂತೆ, ಹರದೆ, ಒಲಿಗೆ ಹಾಕಿದೆ. ಮತ್ತ ಕುಂತೆ, ಮತ್ತ ಹರದೆ. ಇವತ್ತ ಹರಿಯೂದಿಲ್ಲ ಅಂತ ಗಟ್ಟಿ ಮನಸು ಮಾಡಿ ಕುಂತೀನಿ.

ಸೇಡಂದಾಗ ಬಂದೇಅಲಿ ಸೇಟರ ಫರ್ಸಿ ಕಲ್ಲಿನ ಕಂಪನಿ ಮ್ಯಾನೇಜರ್ ಮೆಹತಾಬ್ ನಿನಗ ತನ್ನ ಆಫೀಸಿನ್ಯಾಗ ನೌಕರಿ ಕೊಡ್ತೀನಿ ಅಂತ ಬರದಾಳ. ತಿಂಗಳ ಕಡಿ ಒಳಗ ಹೂಂ ಅನ್ನಬೇಕು ಅಂದಾಳ. ‘ನಿನ್ನ ಗೆಳತಿ ಅಲ್ಲೇನವ್ವಾ, ನೀನ್ಯಾಕ ಹೂಂ ಅನ್ನವಲ್ಲಿ, ಉಹೂಂ ಅನ್ನವಲ್ಲಿ?’ ಅಂತ ಕೇಳಿದಿ. ಕೇಳೋದು ಬರೋಬ್ಬರಿ ಅದ. ಬಿ.ಕಾಂ. ಪಾಸಾದ ಮ್ಯಾಲೂ ಹಾಸ್ಟೆಲಿನ್ಯಾಗೇ ಉಳಕೊಂಡು ಎಷ್ಟು ಬ್ಯಾಂಕಿಗೆ ಅರ್ಜಿ ಹಾಕಿದಿ, ಒಂದರ ಉತ್ತರನೂ ಬಂದಿಲ್ಲ. ಇತ್ತ ನಿಮ್ಮಪ್ಪ ಗುಂಡಗುರ್ತಿ ಮಂದಿಗೆ ಹುಡುಗಿ ನೋಡಲಿಕ್ಕೆ ಬರ್ರಿ ಅಂತ ಹೇಳಿ ಕಳಸೋ ತಯಾರಿಯಾಗ ಇದ್ದಾರ. ನೌಕರಿ ಹತ್ತಿದ್ರ ಎರಡು ವರ್ಷ ತಡೀತೀನಿ, ಇಲ್ಲಂದ್ರ ಮನ್ಯಾಗ ಕುಂದ್ರಸಿಕೊಂಡು ಏನ್ ಮಾಡ್ಲಿ ಅಂತಾರ. ಅವರ ಮಾತಿಗೂ ನಾ ಸುಮ್ನೇ ಇದ್ದೆ. ನಾ ಸುಮ್ನ ಕುಂತದ್ದು ನೋಡಿ ಅವರಿಗೇ ಹೆದರಿಕಿ ಬಂದದ. ಆಕಿ ಬಾಯಿ ಮುಚ್ಯಾಳಂದ್ರ ಏನೋ ಆಗ್ಯದ ಅಂತ ಬಾಜೂ ಮನಿಯವರಿಗೆ ಹೇಳ್ಯಾರಂತ.

ಆಗ್ಯದ. ಅದನ್ನೇ ಬರೀಲಿಕತ್ತೀನಿ. ನೀ ಪೂರಾ ಓದು, ನಡುವ ಸಿಟ್ಟು ಮಾಡಬ್ಯಾಡ.

ನಾ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಬೋರ್ಡಿನ ಮ್ಯಾಲ ಕುಂದ್ರೂದು ನಿನಗ ಗೊತ್ತದ. ಸೇಡಂದವರು ಹೈದರಾಬಾದಕ್ಕ ಮಾತಾಡಬೇಕಂದ್ರ ನಮ್ಮ ಬೋರ್ಡ್ ದಾಟೇ ಹೋಗಬೇಕು. ಮಧ್ಯಾಹ್ನ ಊಟದ ಹೊತ್ತಿನ್ಯಾಗ ಪ್ಯಾಟಿ ಎಲ್ಲಾ ಮಲಗಿರ್ತದ, ಲೈನ್ ಖಾಲಿ. ಆ ಹೊತ್ತಿನ್ಯಾಗ ಒಮ್ಮೆ ಮೆಹತಾಬ್ ಬುಕ್ ಮಾಡಿದ್ದ ಟ್ರಂಕ್ ಕಾಲ್ ಹತ್ತಲಿಲ್ಲ. ‘ಅಕ್ಕಾ, ಕಾಯ್ತೀನಿ, ಅಲ್ಲಿತನ ನೀವರ ಮಾತಾಡ್ರಿ’ ಅಂದ್ಳು. ಆಗ ಆಕಿ ಬರೇ ಟೈಪಿಸ್ಟ್. ಅಲ್ಲಿಂದ ಶುರುವಾತು ನೋಡು. ಆಮ್ಯಾಲ ಚಿತ್ತಾಪುರದ ಬ್ಯಾಳಿ ಮಿಲ್ಲಿನ ಹಸೀನಾಬೇಗಂ ಕೂಡಿದ್ಳು. ಗಂಡ ಸತ್ತ ಮ್ಯಾಲ ಮಿಲ್ಲು ತಾನೇ ನಡಸ್ತಾಳ, ಭಾಳ ಖಡಕ್ ಹೆಂಗಸು. ಇನ್ನೊಬ್ಬಿಬ್ರು ಬಂದ್ರು, ಹೋದ್ರು. ನಾ ಬೋರ್ಡಿನ ತೂತಿನ್ಯಾಗ ವೈರ್ ಚುಚ್ಚಿ ಎಲ್ಲಾರನ್ನೂ ಒಂದೇ ಲೈನಿಗೆ ಕೂಡಸ್ತಿದ್ದೆ.

ಬರೇ ಹರಟಿ ಅಂತ ತಿಳೀಬ್ಯಾಡ. ಗಂಡಸರಿಗೆ ಚಹಾದ ಅಂಗಡಿ ಅದ, ಇಸ್ಪೀಟಿನ ಮನಿ ಅದ, ಸ್ಟೇಷನ್ ಕಟ್ಟಿ ಅದ. ಯಾವ ಆಫೀಸಿನ್ಯಾಗ ಜಾಗಾ ಖಾಲಿ ಆಗ್ಯದ, ಯಾವ ಸಾಹೇಬ ಸಾಲ ಮಂಜೂರ ಮಾಡ್ತಾನ, ಎಲ್ಲಾ ಅಲ್ಲೇ ಕುಂತು ತಿಳಕೋತಾರ. ನಮಗೇನಿತ್ತು? ಆ ಒಂದು ಲೈನ್. ಹಸೀನಾಬೇಗಂಗ ಹೆಂಗಸರಂದ್ರ ಮಾರಿ ತಿರುವಲಾರದ ಬ್ಯಾಂಕ್ ಸಾಹೇಬ ಯಾರು ಅಂತ ಹುಡುಕಿ ಕೊಟ್ಟಾಕಿ ಮೆಹತಾಬ್. ಮೆಹತಾಬಗ ಮಾಲಿನ ರೇಟ್ ಕಟ್ಟೂದು ಕಲಿಸಿದಾಕಿ ಹಸೀನಾಬೇಗಂ. ನನಗ ಮಾನಿಟರ್ ಪರೀಕ್ಷಾಕ್ಕ ಕುಂದ್ರು ಅಂತ ಬೆನ್ನು ಹತ್ತಿದವರು ಇಬ್ರೂ. ಮಾನಿಟರ್ ಅಂದ್ರ ಬೋರ್ಡಿನವರ ಮ್ಯಾಲ ಮೇಲ್ವಿಚಾರಣಿ ಮಾಡಾಕಿ, ಹೆಡ್‌ಫೋನ್ ತೆಗದಿಟ್ಟು ಬ್ಯಾರೆ ಖುರ್ಚಿ ಮ್ಯಾಲ ಕುಂದ್ರಾಕಿ. ಪಾಸಾದೆ, ಖುರ್ಚಿ ಖಾಲಿ ಆಗೋದೊಂದು ಕಾಯಬೇಕಿತ್ತು. ಆ ದಿನ ಮೆಹತಾಬ್ ಲೈನಿನ್ಯಾಗೇ ಹಾಡು ಹಾಡಿದ್ಳು, ನಾ ನಕ್ಕು ನಕ್ಕು ಎರಡು ಕಾಲ್ ತಪ್ಪು ಕೂಡಿಸಿದೆ.

ಆಕಿ ಮಾರಿ ನಾ ನೋಡಿರಲಿಲ್ಲ. ವರ್ಷಗಟ್ಟಲೆ ಮಾತಾಡೀವಿ, ಮಾರಿ ಮಾತ್ರ ಇಲ್ಲ. ಆಕಿಗೆ ಜುಮ್ಮಾ ಅಂತ ಶುಕ್ರವಾರ ಸೂಟಿ, ನನಗ ಐತವಾರ. ಈ ಸಲ ರಂಜಾನ್ ಆಗಲಿ, ಈ ಸಲ ದೀಪಾವಳಿ ಆಗಲಿ ಅನ್ನೋದ್ರಾಗೇ ಹೋತು. ನಿನಗ ಜ್ವರ ಬಂದು ದವಾಖಾನಿಯಾಗ ಇದ್ದಾಗ ದಿನಾ ನಿನ್ನ ಹೆಸರು ಹಿಡದು ಕೇಳತಿದ್ಳು. ನನ್ನ ದನಿ ಒಂದೀಟು ಕುಂದಿದ್ರೂ ‘ಅನಸಕ್ಕಾ, ಮನ್ಯಾಗ ಏನಾತು?’ ಅಂತಿದ್ಳು. ನಿಮ್ಮಪ್ಪ ಒಂದೇ ಮನ್ಯಾಗಿದ್ದೂ ಒಮ್ಮೆ ಕೇಳಿಲ್ಲ ನೋಡು.

ಈಗ ಹೋದ ವರ್ಷದ ಮಾತು. ಹೈದರಾಬಾದದ ದೊಡ್ಡ ಕಂತ್ರಾಟದಾರನೊಬ್ಬ ಹೋಟೆಲ್ ಕಟ್ಟಸಲಿಕತ್ತಿದ್ದ. ನೆಲಕ್ಕೆಲ್ಲಾ ಫರ್ಸಿ ಬೇಕು, ಸಂಜಿ ಒಳಗ ಯಾರು ಮೊದಲ ರೇಟ್ ಹೇಳ್ತಾರ ಅವರಿಗೆ ಆರ್ಡರ್ ಅಂದಿದ್ದ. ಬಂದೇಅಲಿ ಸೇಟರು ಮದುವಿಗೆ ಸೊಲ್ಲಾಪುರಕ್ಕ ಹೋಗಿದ್ರು. ಆಫೀಸ್ ನೋಡ್ಕೋಬೇಕಾದ ಅವರ ಅಕ್ಕನ ಮಗ ಸರ್ದಾರ ಎಲ್ಲಿ ತಿರಗಲಿಕ್ಕ ಹೋಗಿದ್ನೋ ದೇವರಿಗೇ ಗೊತ್ತು. ಮೆಹತಾಬ್ ತಾನೇ ರೇಟ್ ಕಟ್ಟಿ ಕಾಲ್ ಬುಕ್ ಮಾಡಿದ್ಳು. ಆಕಿಗಿಂತ ಮೊದಲ ಸೇಡಂದವನೇ, ಫರ್ಸಿ ವ್ಯಾಪಾರಿ ಕಾಶಪ್ಪ ಅರ್ಜೆಂಟ್ ಕಾಲ್ ಬುಕ್ ಮಾಡಿದ್ದ. ಇರೋದು ಒಂದೇ ಲೈನ್, ಅದೂ ಮುಂಜಾನಿಂದ ಗರಗರ ಅನ್ನಲಿಕತ್ತಿತ್ತು.

‘ಅನಸಕ್ಕಾ, ಈ ಆರ್ಡರ್ ತಂದ್ರ ಸೇಟರು ನನ್ನ ಮ್ಯಾನೇಜರ್ ಮಾಡ್ತೀನಿ ಅಂದಾರ. ಇಲ್ಲಂದ್ರ ಆ ಸರ್ದಾರನ ಕೈಕೆಳಗೇ ನಾ ಮುದುಕಿ ಆಗ್ತೀನಿ’ ಅಂದ್ಳು. ಲೈನ್ ಕೊಡು ಅಂತ ಬಾಯಿ ಬಿಟ್ಟು ಕೇಳಲಿಲ್ಲ.

ನಾ ಕೊಟ್ಟೆ. ಕಾಶಪ್ಪನ್ನ ಹಿಂದಿಟ್ಟು ಆಕಿನ್ನ ಮುಂದ ಕಳಸಿದೆ. ಕಾಯ್ದೆ ಮುರದೆ ಅಂತ ಗೊತ್ತಿತ್ತು. ಹಂಗ ನೋಡಿದ್ರ ಚಹಾ ಕುಡಸಿದವರ ಕಾಲ್ ಮುಂದ ಹೋಗೂದು ನಾ ದಿನಾ ಕಣ್ಣಾರೆ ನೋಡತಿದ್ದೆ, ಯಾರೂ ಅದಕ್ಕ ಫಿರ್ಯಾದಿ ಕೊಟ್ಟಿದ್ದಿಲ್ಲ. ನಾಳೆ ಮತ್ತ ಅಂಥಾ ಹೊತ್ತು ಬಂದ್ರೂ ಕೊಡ್ತೀನಿ, ನಿನ್ನ ಮುಂದ ಯಾಕ ಸುಳ್ಳು ಹೇಳ್ಲಿ.

ಆರ್ಡರ್ ಆಕಿಗೇ ಆತು. ಕಾಶಪ್ಪ ತಾಬಡತೋಬ ಫಿರ್ಯಾದಿ ಕೊಟ್ಟ. ಬೋರ್ಡಿನ ಹೆಂಗಸಿಗೂ ಕಂಪನಿ ಹೆಂಗಸಿಗೂ ಒಳಗಿಂದೊಳಗ ದೋಸ್ತಿ ಅದ, ದಿನಾ ಮಾತಾಡ್ತಾರ ಅಂತ ಬರದಿದ್ದ. ಅದೇನರ ಖರೆ ಅಂತ ಸಿದ್ಧ ಆದ್ರ ನನ್ನ ನೌಕರಿ ಅವತ್ತೇ ಹೋತು. ಆಕಿ ಕಥಿನೂ ಅಷ್ಟೇ, ಹೆಸರು ಕೆಟ್ಟಾಕಿನ್ನ ಖುರ್ಚಿ ಮ್ಯಾಲ ಕುಂದ್ರಸೂದಿಲ್ಲ ಅಂತ ಸೇಟರು ಹೇಳಿ ಕಳಸಿದ್ರಂತ. ಇಬ್ರನ್ನೂ ಕರಸಿ ಚೌಕಶಿ, ಅಂದ್ರ ವಿಚಾರಣಿ, ಮಾಡ್ತೀವಿ ಅಂತ ಹುಕುಂ ಬಂತು. ನೀ ಆಗ ಪರೀಕ್ಷಾದಾಗ ಇದ್ದಿ, ನಿನಗ ಹೇಳಬ್ಯಾಡ್ರಿ ಅಂತ ನಿಮ್ಮಪ್ಪಗ ಆಣಿ ಹಾಕಿದ್ದೆ.

ಮ್ಯಾಲಿನ ಸಾಹೇಬ್ರು ಬಂದ್ರು. ನನ್ನ ನಿಂದ್ರಿಸಿ ಹೆಸರು, ಸರ್ವಿಸ್ ಎಲ್ಲಾ ಕೇಳಿದ್ರು, ಹೇಳಿದೆ. ಮೆಹತಾಬನ್ನ ಮೊದಲೇ ಅಲ್ಲೇ ಬಾಜೂಕ್ಕ ಕುಂದ್ರಿಸಿದ್ರು. ಬುರ್ಖಾದ ಮುಸುಕು ತೆಗದು ಹಿಂದ ಹಾಕಿದ್ಳು. ಲೈನಿನ್ಯಾಗ ದನಿ ಕೇಳಿ ನಾ ಎತ್ತರದಾಕಿ, ದಪ್ಪನಾಕಿ ಅಂತ ತಿಳಕೊಂಡಿದ್ದೆ. ಸಣ್ಣಾಕಿ, ನಿನ್ನಷ್ಟೇ ಇದ್ದಾಳ, ಗದ್ದದ ಮ್ಯಾಲ ಒಂದು ಮಚ್ಚಿ. ನಾ ಬಾಯಿ ತೆಗದು ನನ್ನ ಹೆಸರು ಹೇಳೋದೇ ತಡ, ಆಕಿ ಕೈಯಾಗಿನ ಕರಚೀಪು ಹಿಂಡೋದು ನಿಂತಿತು. ಗುರ್ತು ಹಿಡದ್ಳು. ಅದು ನನಗ ಗೊತ್ತು. ಓಡಿ ಹೋಗಿ ಕೈ ಹಿಡೀಬೇಕು ಅನಸ್ತು, ಕಾಲು ಕಟ್ಟಿ ಹಾಕಿದಂಗ ನಿಂತೆ.

ಸಾಹೇಬ್ರು ನನ್ನ ಕಡಿ ಬಟ್ಟು ಮಾಡಿ, ಈ ಹೆಂಗಸು ನಿಮಗ ಗೊತ್ತೇನು ಅಂತ ಕೇಳಿದ್ರು.

ಮೆಹತಾಬ್ ನನ್ನ ಮಾರಿನ್ನೇ ನೋಡಿದ್ಳು. ‘ಇವರನ್ನ ನಾ ಇವತ್ತೇ ನೋಡ್ಲಿಕತ್ತೀನ್ರಿ, ಸಾಹೇಬ್ರ’ ಅಂದ್ಳು.

ಎಷ್ಟು ಶ್ಯಾಣ್ಯಾ ನೋಡು ಹುಡುಗಿ. ಒಂದಕ್ಷರ ಸುಳ್ಳಿಲ್ಲ. ದೇವರ ಮ್ಯಾಲ ಪ್ರಮಾಣ ಮಾಡಂದ್ರೂ ಮಾಡಬಹುದಿತ್ತು. ಸಾಹೇಬ್ರು ನನ್ನ ಕೇಳಿದಾಗ ನಾನೂ ಅದೇ ಮಾತು ಹೇಳಿದೆ. ಗಡಬಡಿಯೊಳಗ ಆದ ತಪ್ಪು ಅಂತ ಬರಕೊಂಡು ನನಗ ತಾಕೀತು ಕೊಟ್ಟು ಬಿಟ್ರು. ನೌಕರಿ ಉಳೀತು. ಮಾನಿಟರ್ ಖುರ್ಚಿ ಮಾತ್ರ ಪಟ್ಟಿಯಾಗ ನನ್ನ ಹಿಂದಿನವನಿಗೆ ಹೋತು, ತಾಕೀತು ಬಿದ್ದಾಕಿಗೆ ಕೊಡೂದಿಲ್ಲಂತ. ಆಕಿ ಮ್ಯಾನೇಜರ್ ಆದ್ಳು. ಈಗ ಬ್ಯಾರೆ ಖೋಲಿ, ಟೇಬಲ್ ಮ್ಯಾಲ ಸ್ವಂತ ಫೋನು. ಸರ್ದಾರ ಒಳಗ ಬರಬೇಕಂದ್ರ ಬಾಗಲದಾಗ ನಿಂತು ಕೇಳ್ತಾನಂತ. ಇದನ್ನ ಹಸೀನಾಬೇಗಂ ಹೇಳಿದ ದಿನ ನಾ ಹೊಟ್ಟಿ ತುಂಬ ನಕ್ಕೀನಿ. ನನ್ನ ಖುರ್ಚಿ ಹೋದ್ರ ಹೋಗಲಿ, ನಮ್ಮೊಳಗ ಒಬ್ಬಾಕಿಗೆ ಸಿಕ್ಕಿತಲ್ಲ ಅಂತ ಖರೇನೇ ಖುಷಿ ಆಗಿತ್ತು.

ಆದ್ರ ಆ ದಿನದಿಂದ ಮಧ್ಯಾಹ್ನದ ಲೈನ್ ಬಂದ್ ಆತು. ಆಕಿ ಕಾಲ್ ದಿನಾ ನನ್ನ ಬೋರ್ಡಿಗೇ ಬರ್ತದ. ಹೈದರಾಬಾದ ನಂಬರ್ ಹೇಳ್ತಾಳ, ಅಷ್ಟೇ. ಮೊದಲ ಮೊದಲ ಹೆದರಿಕಿ ಇರಬಹುದು, ಯಾರರ ಕೇಳಿಸ್ಕೊಂಡಾರು ಅಂತ ಇರಬಹುದು ಅಂದ್ಕೊಂಡೆ. ನಾನೂ ಜ್ವಾಕಿಲೇ ಇದ್ದೆ. ಹಬ್ಬ ಬಂತು, ಹೋತು. ಮೊನ್ನೆ ತಡೀಲಾರದ ‘ಮೆಹತಾಬ್, ನಾನವ್ವಾ’ ಅಂದೆ. ‘ಮೇಡಂ, ಸ್ವಲ್ಪ ಲಗೂ ಲೈನ್ ಕೊಡ್ರಿ’ ಅಂದ್ಳು. ಕೊಟ್ಟೆ. ಕೊಡಲಾರದ ಏನ್ ಮಾಡ್ಲಿ, ಅದಕ್ಕೇ ಪಗಾರ ತೊಗೋತೀನಿ.

ನೀ ಪಾಸಾದದ್ದೂ ಆಕಿ ಹಸೀನಾಬೇಗಂನ್ನ ಕೇಳಿ ತಿಳಕೊಂಡಾಳ. ನನ್ನ ಕೇಳಲಿಲ್ಲ. ನೌಕರಿ ಮಾತೂ ನಿನಗ ಬರದಾಳ, ನನಗ ಹೇಳಲಿಲ್ಲ. ಇದು ಋಣ ತೀರಸೋದೋ, ಪ್ರೀತಿನೋ, ಇಲ್ಲಾ ಮೈಮ್ಯಾಲ ಬಿದ್ದದ್ದು ಝಾಡಿಸ್ಕೊಳ್ಳೋದೋ ನನಗ ತಿಳೀಲಿಲ್ಲ. ಅದಕ್ಕೇ ಕಾಗದ ಒಲಿಗೆ ಹೋದವು. ಒಂದು ಸಲ ‘ಬ್ಯಾಡ, ಹೋಗಬ್ಯಾಡ, ಗುಂಡಗುರ್ತಿನೇ ಛಲೋ’ ಅಂತ ಬರದಿದ್ದೆ. ಓದಿ ನೋಡಿ ನನಗೇ ನಾಚಿಕಿ ಬಂತು. ನನ್ನ ಸಿಟ್ಟಿಗೆ ನಿನ್ನ ಬಾಳ್ವೆ ಯಾಕ ಅಡ್ಡ ಹಾಕ್ಲಿ?

ಹೋಗು. ಇದೇ ನನ್ನ ಉತ್ತರ. ತಿಂಗಳ ಕಡಿ ಯಾಕ, ಈ ಕಾಗದ ಮುಟ್ಟಿದ ದಿನಾನೇ ಹೂಂ ಅಂತ ಬರಿ. ಆಕಿ ಕೈಕೆಳಗ ಕೆಲಸ ಕಲಿ, ರೇಟ್ ಕಟ್ಟೂದು ಕಲಿ, ಆಕಿಯಂಥಾ ಕಲಿಸಾಕಿ ಈ ನಾಡಿನ್ಯಾಗ ಸಿಗೂದಿಲ್ಲ. ನಿಮ್ಮಪ್ಪನ್ನ ನಾ ನೋಡ್ಕೋತೀನಿ, ಬಾಯಿ ಮತ್ತ ತೆಗದೀನಿ ಈಗ. ಕುರಕುಂಟಾದ ನಿಮ್ಮ ಪೀರಮ್ಮ ಸಣ್ಣವ್ವಗ ಹೇಳಿ ಕಳಸೀನಿ, ಜಾಗಾ ಸಿಗೋತನ ಆಕಿ ಮನ್ಯಾಗ ಇದ್ದು ಬಸ್ಸಿಗೆ ಸೇಡಂಗ ಹೋಗಿ ಬಾ. ನಿನ್ನ ಪಗಾರ ನಿನ್ನ ಕೈಯಾಗೇ ಇಟ್ಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮುಂದ ನಿನಗೊಂದು ಖುರ್ಚಿ ಬಂದ ದಿನ, ನಿನ್ನ ಹಿಂದ ನಿಂತಾಕಿನ್ನ ತಿರುಗಿ ನೋಡು.

ದೇವರು ನಿನ್ನ ಹೊಟ್ಟಿ ತಣ್ಣಗಿಡಲಿ, ನಿನ್ನ ಕೈ ಮ್ಯಾಲಿಡಲಿ.

ನಿನ್ನ ಹಡದವ್ವ,
ಅನಸುಬಾಯಿ

ತಾ.ಕ.: ಮ್ಯಾಲ ಬರದದ್ದು ನಾ ಎಲ್ಲಾರ ಮುಂದ ಹೇಳೋ ಕಥಿ. ನಿಮ್ಮಪ್ಪಗೂ ಇಷ್ಟೇ ಹೇಳೀನಿ, ಹಸೀನಾಬೇಗಂಗೂ ಇಷ್ಟೇ. ಇನ್ನೊಂದು ಉಳದದ. ಚೌಕಶಿ ಮುಗದು, ಸಾಹೇಬ್ರು ಪೆನ್ನಿಗೆ ಟೊಪ್ಪಿಗಿ ಹಾಕಿ ಹೋಗ್ರಿ ಅಂದಿದ್ರು. ನಾವಿಬ್ರೂ ಪಾರಾಗಿದ್ವಿ, ನೌಕರಿನೂ ಉಳದಿತ್ತು. ಮೆಹತಾಬ್ ಬಾಗಲತನ ಹೋಗಿ ತಿರುಗಿ ನಿಂತ್ಳು. ‘ಬೋರ್ಡಿನ ಮ್ಯಾಲ ಕುಂದ್ರೋ ಹೆಂಗಸರ ಜೋಡಿ ನಮ್ಮಂಥೋರದು ಏನ್ ಮಾತಿರ್ತದ, ಸಾಹೇಬ್ರ?’ ಅಂತ ಅಂದು, ನಕ್ಕು, ಮುಸುಕು ಹಾಕೊಂಡು ಹೋದ್ಳು. ಅದನ್ನ ಆಕಿಗೆ ಯಾರೂ ಕೇಳಿರಲಿಲ್ಲ, ಮಗಳ. ಅಂಜಿ ಅಂದಿರಬೇಕು ಅಂತ ನನಗ ನಾನೇ ಹೇಳ್ಕೋತೀನಿ, ಹೇಳ್ಕೊಂಡು ಹೇಳ್ಕೊಂಡು ಸಾಕಾಗ್ಯದ. ನೀ ನೌಕರಿ ಮ್ಯಾಲ ಹಾಜರಾದ ದಿನ ಒಂದು ಕೆಲಸ ಮಾಡು. ಆಕಿ ಖೋಲಿಯೊಳಗ ಹೋಗಿ, ಆಕಿ ಟೇಬಲ್ ಮ್ಯಾಲಿನ ಫೋನಿಂದನೇ ನನಗ ಹಚ್ಚು. ಆಕಿಗೆ ಕೇಳಸೋ ಹಂಗ ದೊಡ್ಡ ದನಿಲೇ ‘ಅವ್ವಾ’ ಅನ್ನು. ಆಮ್ಯಾಲ ಇಟ್ಟುಬಿಡು, ನನಗ ಮತ್ತೇನೂ ಬ್ಯಾಡ.