ಅಮೀನಾ ಹಾಕಿದ ತೇಪೆ

ದಾಂಡೇಲಿ
೧೯ ಅಕ್ಟೋಬರ್ ೧೯೬೭

ಸೌ. ಹೊಳೆವ್ವಳಿಗೆ,

ನಾನು ಆರಾಮ. ನೀನು ಹೇಗಿದ್ದೀ ಎಂದು ಕೇಳಲು ಐದು ತಿಂಗಳು ತಡವಾಯಿತು. ಇದನ್ನು ನಿನ್ನ ಅಣ್ಣನ ಕೈಗೆ ಕೊಟ್ಟು ಓದಿಸಬೇಡ. ನಾಲ್ಕನೇ ಇಯತ್ತೆ ಕಲಿತವಳು, ನೀನೇ ನಿಧಾನಕ್ಕೆ ಕೂಡಿಸಿ ಓದು. ನಿನ್ನ ತವರು ಪಾಳಾದ ಊರಿಗೆಲ್ಲ ನನ್ನ ಬಣ್ಣ ಬಯಲಾಗುವುದು ಬೇಡ.

ಮೇ ತಿಂಗಳಲ್ಲಿ, ದಿನಾ ಮನೆಗೆ ಬರುವ ನಿನ್ನ ಗೆಳತಿ ಅಮೀನಾ ಹೊಲಿದುಕೊಟ್ಟ ಕೌದಿಯನ್ನು ನೀನು ಮನೆ ಮುಂದಿನ ಬೇಲಿಯ ಮೇಲೆ ಬಿಸಿಲಿಗೆ ಹರವಿದ್ದೆ. ಮಿಲ್ಲಿನ ಸಾಹೇಬರು ಓಡಾಡುವ ದಾರಿಯಲ್ಲಿ ಹಳೇ ಅರಿವೆಯ ತೇಪೆಗಳು ಕಂಡು ನನಗೆ ನಾಚಿಕೆಯಾಯಿತು. ಸುತ್ತಿ ಹಿತ್ತಲ ಕಟ್ಟಿಗೆ ರಾಶಿಗೆ ಎಸೆದೆ. ನೀನು ಟ್ರಂಕು ಹಿಡಿದು ತವರಿನ ಬಸ್ಸು ಹತ್ತಿದೆ. ಆ ಸಿಟ್ಟು ನ್ಯಾಯದ್ದೇ. ಕೌದಿ ಈಗ ಎಲ್ಲಿದೆ ಎಂದು ಮಾತ್ರ ಕೇಳಬೇಡ.

ಆಮೇಲೆ ನಡೆದದ್ದು ಕೇಳು. ನಮ್ಮ ಮಿಲ್ಲಿನಲ್ಲಿ ಹಸಿ ಕಾಗದವನ್ನು ಹೊತ್ತು ತಿರುಗುವ ಉಣ್ಣೆಯ ಅಗಲ ಪಟ್ಟಾ ಇರುತ್ತದೆ, ಫೆಲ್ಟ್ ಎನ್ನುತ್ತಾರೆ. ಅದು ವಿಲಾಯಿತಿಯಿಂದ ಬರಬೇಕು. ಜೂನಿನಲ್ಲಿ ಯುದ್ಧವಾಗಿ ಸುವೇಜ್ ಕಾಲುವೆ ಮುಚ್ಚಿತಲ್ಲ, ನಮ್ಮ ಹಡಗು ಇಡೀ ಆಫ್ರಿಕಾ ಸುತ್ತಿ ಬರಬೇಕಾಯಿತು. ಅಷ್ಟರಲ್ಲಿ ಮಷೀನಿನ ಮೇಲಿದ್ದ ಫೆಲ್ಟ್ ಅಂಗೈಯಗಲ ಹರಿಯಿತು. ಉಗ್ರಾಣದಲ್ಲಿದ್ದ ಇನ್ನೊಂದನ್ನು ಬಿಚ್ಚಿದರೆ ನುಸಿ ತಿಂದು ಜರಡಿಯಾಗಿತ್ತು. ಬಂದಾಗಲೇ ಹೀಗಿತ್ತು ಎಂದು ಸಾಹೇಬರಿಗೆ ಹೇಳಿಬಿಟ್ಟೆ. ನಿನ್ನ ಮುಂದೆ ಸುಳ್ಳು ಬೇಡ: ಎರಡು ವರ್ಷ ಆ ಗಂಟನ್ನು ನಾನು ಬಿಚ್ಚಿ ಬಿಸಿಲಿಗೆ ಹಾಕಿರಲಿಲ್ಲ. ಬಿಸಿಲು ಕಂಡ ಅರಿವೆಗೆ ನುಸಿ ಹಿಡಿಯದೆಂದು ನಿನಗೆ ಗೊತ್ತಿದ್ದದ್ದು ಉಗ್ರಾಣದ ಕಾರಕೂನನಾದ ನನಗೆ ಹೊಳೆದಿರಲಿಲ್ಲ.

ಮಷೀನು ನಿಂತರೆ ಕಾಯಂ ಅಲ್ಲದ ಬದಲಿ ಆಳುಗಳು ಮೊದಲು ಮನೆಗೆ. ಅಮೀನಾಳ ಗಂಡ ಕಾಶೀಮನೂ ಅವರಲ್ಲೊಬ್ಬ. ಬೇರೆ ದಾರಿ ಕಾಣದೆ ಅಂಬೇವಾಡಿಗೆ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಕಟ್ಟಿಗೆ ರಾಶಿಯ ಸಂಗತಿ ಅವಳಿಗೆ ಗೊತ್ತಿತ್ತು, ಆದರೂ ಒಂದು ಮಾತು ಚುಚ್ಚಲಿಲ್ಲ. ಉಗ್ರಾಣಕ್ಕೆ ಬಂದು ಆ ಜರಡಿಯನ್ನು ಅಂಗೈಯಿಂದ ಸವರಿ ಸವರಿ ನೋಡಿ, "ಇದರಾಗ ನುಸಿ ಮುಟ್ಟದ್ದು ಇನ್ನೂ ಭಾಳ ಐತ್ರಿ, ಅಣ್ಣಾರ" ಅಂದಳು.

ಗಟ್ಟಿ ತುಂಡು ಕತ್ತರಿಸಿ, ಅದರದೇ ಎಳೆ ಬಿಡಿಸಿಕೊಂಡು, ಮಷೀನಿನ ಉರುಳೆಗಳ ನಡುವೆ ಬೋರಲು ಮಲಗಿ, ಹರಿದ ಫೆಲ್ಟಿಗೆ ಮುಂಜಾನೆಯಿಂದ ಮಧ್ಯಾಹ್ನದತನಕ ತೇಪೆ ಹೊಲಿದಳು. ಹಡಗು ಆಫ್ರಿಕಾ ಸುತ್ತುತ್ತಿದೆ ಎಂದು ಹೇಳಿದೆ. ತಮ್ಮ ಸಿದ್ದಿ ಹಿರೀಕರೂ ಆ ಕಡೆಯಿಂದಲೇ ಬಂದು ಮುಟ್ಟಿದವರು, ಹಡಗೂ ಬರುತ್ತದೆ ಎಂದು ನಕ್ಕಳು.

ಮಷೀನು ನಡೆಯಿತು. ಆದರೆ ಸುತ್ತಿಗೊಮ್ಮೆ ಕಾಗದದ ಮೇಲೆ ಒಂದು ಗುರುತು ಬೀಳತೊಡಗಿತು. ನಿಲ್ಲಿಸಿ ನೋಡಿದರೆ, ತೇಪೆಯ ಮೂಲೆಗೆ ಮಡಿಸಿದ ಚೂರುಗಳ ಪುಟ್ಟ ಹೂವು ಕೂರಿಸಿದ್ದಾಳೆ. ಮೂಲೆಗೆ ಹೂವಿಲ್ಲದ ಕೌದಿ ಅವರಲ್ಲಿ ಬತ್ತಲೆಯಂತೆ. ಕೈ ತಾನಾಗಿ ಹಾಕಿಬಿಟ್ಟಿದೆ. ನಾಲಗೆ ಕಚ್ಚಿಕೊಂಡು ಬಿಚ್ಚಿದಳು. ತೇಪೆ ಐವತ್ತೊಂದು ದಿನ ತಾಳಿತು. ಮೊನ್ನೆ ಹೊಸ ಫೆಲ್ಟ್ ಬಂತು, ಒಬ್ಬರ ಕೆಲಸವೂ ಹೋಗಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದಾಗ ತಡೆಯಲಾರದೆ ನುಸಿಯ ನಿಜ ಹೇಳಿದೆ. ಚೆನ್ನಾಗಿ ಬೈದರು, ನೌಕರಿ ಉಳಿಯಿತು.

ಹೊಳೆವ್ವ, ಅಂಥ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಅಲ್ಲ, ದಿನಾ ಕಂಡಿದ್ದೆ, ನೋಡಿರಲಿಲ್ಲ. ನೀನು ನೋಡಿದ್ದೆ. ನನ್ನದು ತಪ್ಪಾಯಿತು. ಬರುವುದಾದರೆ ಒಂದು ಕಾರ್ಡು ಹಾಕು, ಹಳಿಯಾಳದ ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ.

ನಿನ್ನ ದಾರಿ ಕಾಯುವ
ಈಶಪ್ಪ

ತಾ.ಕ.: ಈ ಹಾಳೆಯನ್ನು ಬಿಸಿಲಿಗೆ ಹಿಡಿದು ಕೆಳಗಿನ ಮೂಲೆ ನೋಡು, ಆ ಹೂವು ಕಾಣುತ್ತದೆ. ಗುರುತು ಬಿದ್ದ ಕಾಗದವನ್ನೆಲ್ಲ ಮತ್ತೆ ಅರೆಯಲು ಹಾಕಿದರು. ಇದೊಂದನ್ನು ಅಂಗಿಯೊಳಗೆ ಮಡಚಿ ತಂದೆ, ಎಂಟು ವರ್ಷದಲ್ಲಿ ನನ್ನ ಮೊದಲ ಕಳವು. ನಿನ್ನ ಕೌದಿಯನ್ನು ನಾನೇ ಒಗೆದು ಮುಂದಿನ ಬೇಲಿಯ ಮೇಲೆಯೇ ಹರವಿದ್ದೇನೆ. ಕಟ್ಟಿಗೆಗೆ ಸಿಕ್ಕಿ ಒಂದು ಮೂಲೆಯ ಹೂವು ಕಿತ್ತುಹೋಗಿದೆ. ಹಾಕಿಕೊಡು ಎಂದು ಅಮೀನಾಳನ್ನು ಕೇಳಿದೆ, ಒಪ್ಪಲಿಲ್ಲ. "ಅದನ್ನ ಹೊಳೆವ್ವನಽ ಬಂದು ಹಾಕ್ಲಿ" ಅಂದಳು.