ಎರಡನೇ ರೆಕಾರ್ಡಿನ ಮೊದಲ ಬದಿ

ಅಪ್ಪಾ,

ನಾನು ಹುಷಾರಾಗಿದ್ದೇನೆ, ಗಾಬರಿಯಾಗಬೇಡ. ನಿನ್ನೆ ಬೆಳಗ್ಗೆಯಿಂದ ಹೊಟ್ಟೆಯಲ್ಲಿ ಮಗು ಮಿಸುಕಾಡಲೇ ಇಲ್ಲ. "ಎಡಮಗ್ಗುಲಾಗಿ ಮಲಗಿರು, ಬಂದೆ" ಎಂದು ಇವರು ಕಾರು ತರಲು ಓಡಿದರು. ಮನೆಯ ಮೌನ ತಡೆಯಲಾಗದೆ ನಿನ್ನ ಮೆಚ್ಚಿನ ರಾಕ್ ತಂಡದ ರೆಕಾರ್ಡು ಹಾಕಿದೆ.

ಮದುವೆಯ ದಿನ ಆ ತಂಡದ ಮೂರು ರೆಕಾರ್ಡು ಕೊಟ್ಟು, "ಮೊದಲನೆಯದನ್ನು ಮನೆಗೆ ಬಂದವರಿಗೆಲ್ಲ ಕೇಳಿಸು, ಎರಡನೆಯದು ನನ್ನ ಜೀವ, ಮೂರನೆಯದು ನನಗೇ ಇನ್ನೂ ಪೂರ್ತಿ ದಕ್ಕಿಲ್ಲ ಮಗಳೇ" ಎಂದಿದ್ದೆಯಲ್ಲ, ಆ ಎರಡನೆಯದು. ಒಂದು ಬದಿ ಪೂರ್ತಿ ಒಂದೇ ಹಾಡು. ಅಮ್ಮ ಮುಗಿಯದ ಪುರಾಣ ಎನ್ನುತ್ತಿದ್ದಳು.

ಹಾಡಿನ ಶುರುವಿಗೆ ಆರ್ಗನ್ ವಾದ್ಯ ಒಂದೇ ಸ್ವರ ಹಿಡಿದು ಬಹಳ ಹೊತ್ತು ನಿಂತಿತು. ಆಮೇಲೆ ಡ್ರಮ್ಸ್ ಶುರುವಾದದ್ದೇ ತಡ, ಒಳಗಿನಿಂದ ಒಂದು ಒದೆ ಬಿತ್ತು. ಮತ್ತೊಂದು. ನಾನು ಉಸಿರು ಬಿಗಿಹಿಡಿದು ಹಾಗೇ ಮಲಗಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಸರಿಯಿದೆ ಎಂದು ಮಗುವಿನ ಎದೆಬಡಿತ ಕೇಳಿಸಿದರು. ಅಷ್ಟು ಪುಟ್ಟ ಜೀವಕ್ಕೆ ಅಷ್ಟೊಂದು ಸದ್ದು ಎಲ್ಲಿಂದ ಬಂತಪ್ಪ? ನೀನು ಈ ರೆಕಾರ್ಡು ಹಾಕಿ ಕಣ್ಣು ಮುಚ್ಚಿ ಏನು ಕೇಳುತ್ತಾ ಕೂರುತ್ತಿದ್ದೆ ಎಂಬುದು ನಿನ್ನೆ ಸ್ವಲ್ಪ ತಿಳಿಯಿತು.

ನಮ್ಮ ಪ್ಲೇಯರಿನ ಸೂಜಿ ಸವೆದಿದೆ. ಬರುವಾಗ ಹೊಸದೊಂದು ತಾ, ನಿನ್ನ ಕಪಾಟಿನಲ್ಲಿ ಉಳಿದಿರುವ ರೆಕಾರ್ಡುಗಳನ್ನೂ ತಾ. ಯಾವುದನ್ನು ಮೊದಲು ಹಾಕಬೇಕೆಂದು ನೀನೇ ಹೇಳಬೇಕು. ಈಗ ಕೇಳುವವರು ಇಬ್ಬರಿದ್ದೇವೆ.

ನಿನ್ನ ಮಗಳು