ಶಾಂತ ಆತು

18-8-76, ತಿಕೋಟಾ

ಒಳಗಿನ ಖೋಲಿಯ ನೆಲಕ್ಕೆ ಇವತ್ತೂ ನೀರು ಹೊಡೆಸಿದೆ. ಸಿಮೆಂಟು ಕನ್ನಡಿಯಾಗಿದೆ. ಊರಲ್ಲಿ ಇಂಥ ನೆಲ ಇನ್ನೊಂದಿಲ್ಲ ಅನ್ನುತ್ತಾನೆ ಬಾಬುಸಾಬ. ಗವಂಡಿ ತನ್ನ ಕೆಲಸ ಹೊಗಳದೆ ಇನ್ನಾರದ್ದು ಹೊಗಳಬೇಕು?

ಆ ಖೋಲಿಯ ಕೆಳಗೇ ಅಪ್ಪನ ಕಾಲದ ಹಗೇವು, ಜೋಳ ತುಂಬಿಡುವ ನೆಲಗುಂಡಿ. ಜೋಳ ಕೆಟ್ಟಿತೆಂದು ಅಪ್ಪ ಹಾಗೇ ಅದರ ಬಾಯಿ ಮುಚ್ಚಿಬಿಟ್ಟಿದ್ದ. ಎಲ್ಲ ತೆಗೆದು ಮಣ್ಣು ತುಂಬೋಣ ಅಂದಿದ್ದ ಬಾಬುಸಾಬ. "ಹಾಸಗಲ್ಲ ಎಳದು ಮ್ಯಾಲ ಗರಸು ಬಡಿಯೋ ಮಾರಾಯ, ತಂಗಿಗಿ ದಿನಾ ತುಂಬ್ಯಾವ" ಅಂದೆ. ದುಂಡವ್ವನ ಚೊಚ್ಚಲ ಬಾಣಂತನ ಹೊಸ ಮನೆಯಲ್ಲೇ ಆಗಬೇಕು. ಅವ್ವನ ಹಟ. ನನ್ನದೂ.

3-9-76

ದುಂಡವ್ವ ಹಡೆದಳು. ಹೆಣ್ಣು. ಬೆರಳು ಕೊಟ್ಟರೆ ಹಿಡಿದದ್ದು ಬಿಡುವುದಿಲ್ಲ! ಬಬಲೇಶ್ವರಕ್ಕೆ, ಅವಳ ಗಂಡ ಸಂಗಣ್ಣನಿಗೆ ಹೇಳಿ ಕಳಿಸಿದೆ.

6-9-76

ಜಿಟಿಜಿಟಿ ಮಳೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಅವ್ವ ಕಿಟಕಿಯ ಸಂದಿಗೆಲ್ಲ ಅರಿವೆ ತುರುಕಿದ್ದಾಳೆ. ದುಂಡವ್ವ ಹೊರಸಿನ ಮೇಲೆ. ಕೂಸು ನೆಲದ ಮೇಲೆ, ಕೌದಿಯಲ್ಲಿ. ಹೆಸರಿಡುವ ತನಕ ತೊಟ್ಟಿಲಿಗೆ ಹಾಕುವಂತಿಲ್ಲ, ಹೊರಸಿನಲ್ಲಿ ಇಬ್ಬರಿಗೆ ಇಂಬಿಲ್ಲ. ಕೂಸಿನ ತಲೆಯ ಹತ್ತಿರ ದೀಪ.

ಸಂಜೆ ದೀಪ ಹೋಯಿತು. ಎಣ್ಣೆ ತುಂಬ ಇತ್ತು. ಆರಿತಲ್ಲ ಅಂದೆ. ಅವ್ವ ಸಿಡುಕಿದಳು.

"ಕೂಸಿನ ಮುಂದ ಆರಿತು ಅಂತೀಯಲ್ಲೋ! ಶಾಂತ ಆತು ಅನ್ನು."

8-9-76

ಮತ್ತೆ ಶಾಂತ. ಬಾಗಿಲು ತೆರೆದಿಟ್ಟು ಹಚ್ಚಿದರೆ ಉರಿಯುತ್ತದೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ದುಂಡವ್ವನಿಗೆ ತಲೆನೋವು. ಕೂಸಿನದು ಒಂದೇ ಸಮನೆ ಅಳು. ಖೋಲಿಯಲ್ಲಿ ಹುಳಿ ವಾಸನೆ, ಹಳಸಿದ ಅಂಬಲಿಯದ್ದು… ಬಾಣಂತಿ ಖೋಲಿ ಅಂದ ಮೇಲೆ ಇದ್ದದ್ದೇ. ಮೂಲೆಯಲ್ಲಿ ನೆಲ ಬೇರೆ ಬಿರಿದಿದೆ. ಬಾಬುಸಾಬ ಸಿಗಲಿ, ಕನ್ನಡಿಯಂತೆ ಕನ್ನಡಿ!

ಅವ್ವನದು ಒಂದೇ ಮಾತು. "ಮನಿದೇವರು ಮುನದಾನ. ಮನಿಶಾಂತಿ ಗಡಿಬಿಡಿಲೆ ಮುಗಿಸಿದಿ."

ದೀಪ ಎತ್ತಿ ಗೋಡೆಯ ಮಾಡದಲ್ಲಿಟ್ಟೆ. ನಿಂತಿತು. ಬಾಗಿಲು ಮುಚ್ಚಿದರೂ ಉರಿಯಿತು. ಅವ್ವ ಕೈಮುಗಿದಳು. "ನೋಡು, ಮ್ಯಾಲ ಕುಂತರ ಹೆಂಗ ನಗತೈತಿ." ನನಗೂ ಸಮಾಧಾನ.

9-9-76

ಮುಂಜಾನೆ ವಿಜಾಪುರಕ್ಕೆ ಹೋಗಿದ್ದೆ. ಗಾಂಧಿ ಚೌಕದಲ್ಲಿ ತೊಟ್ಟಿಲು ಕೊಂಡೆ. ನಾಲ್ಕೂ ಮೂಲೆಗೆ ಗಿಳಿ. ಬಸ್ಸಿನ ಟಾಪಿಗೆ ಕಟ್ಟಿಸಿ ತಂದೆ, ದಾರಿಯುದ್ದಕ್ಕೂ ಗಿಳಿ ಮುರಿದಾವೆಂದು ಜೀವ ಕೈಯಲ್ಲಿ. ಮನೆ ಮುಟ್ಟಿದಾಗ ಊಟದ ಹೊತ್ತು. ಅವ್ವ ಬಾಗಿಲಲ್ಲೇ ತುಟಿಗೆ ಬೆರಳಿಟ್ಟಳು.

"ಸಪ್ಪಳ ಮಾಡಬ್ಯಾಡ. ಅತ್ತು ಅತ್ತು ಈಗ ಶಾಂತ ಆಗೇತಿ ಕೂಸು."

ಅದಕ್ಕೇ ತೊಟ್ಟಿಲನ್ನು ಪಡಸಾಲೆಯಲ್ಲೇ ಇಟ್ಟು, ಇದಿಷ್ಟು ಬರೆಯುತ್ತಾ ಕೂತಿದ್ದೇನೆ. ಎದ್ದ ಮೇಲೆ ತೋರಿಸಿದರಾಯಿತು.

16-9-76

ಏಳಲಿಲ್ಲ.

ಹೊಲದಲ್ಲಿ ಮಣ್ಣು ಮಾಡಿದೆವು. ಹೆಸರು ಹಿಡಿದು ಅಳಲಿಕ್ಕೆ ಹೆಸರೂ ಇಲ್ಲ. ಇವತ್ತು ತೊಟ್ಟಿಲಿಗೆ ಹಾಕುವ ದಿನವಾಗಿತ್ತು. ಡಾಕ್ಟರು "ಹಸಗೂಸ್ರಿ, ಒಮ್ಮೊಮ್ಮೆ ಹಿಂಗ ಆಗತೈತಿ" ಅಂದರು. ಸಂಗಣ್ಣ ಬಂದಿದ್ದ. ಮಣ್ಣು ಹಾಕಿ ಬಬಲೇಶ್ವರಕ್ಕೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು.

ದುಂಡವ್ವ ಆ ಖೋಲಿ ಬಿಟ್ಟು ಬರಲೊಲ್ಲಳು. ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಯಾವ ದೇವರಿಗೆ ಏನು ಕಡಿಮೆ ಮಾಡಿದೆವು?

19-9-76

ಬಾಬುಸಾಬ ಬಿರುಕು ನೋಡಲು ಬಂದ. ಮೂಲೆ ಕತ್ತಲೆ. ಹೊರಸಿನ ಬುಡದಲ್ಲಿ ಕಂದೀಲು ಇಟ್ಟು ಬಗ್ಗಿದ. ಕಂದೀಲು ಕುಗ್ಗಿತು. ಹೋಯಿತು.

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಹಗೇವಿನ ಊರಲ್ಲೇ ಹುಟ್ಟಿದವರು. ಹಗೇವು ತೆರೆದರೆ ಮೊದಲು ದೀಪ ಇಳಿಬಿಡುತ್ತಾರೆ. ದೀಪ ಹೋದರೆ ತಳದಲ್ಲಿ ಕೆಟ್ಟ ಗಾಳಿ ಕೂತಿದೆ, ಯಾರೂ ಇಳಿಯಕೂಡದು. ಗೋಲಿ ಆಡುವ ಹುಡುಗರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನೆಯೊಳಗೆ ದೀಪ ಹೋದರೆ ಮಾತ್ರ ದೇವರ ಮುನಿಸು ಅಂದುಕೊಂಡೆ.

"ಅಕ್ಕಾರ್ನ ಎಬ್ಬಸ್ರೀ!" ಬಾಬುಸಾಬ ಚೀರಿದ. ದುಂಡವ್ವನನ್ನು ಎತ್ತಿ ಪಡಸಾಲೆಗೆ ತಂದೆ. ಕಿಟಕಿಯ ಅರಿವೆ ಕಿತ್ತೆ. ನೆಲ ಒಡೆಸಿದೆ. ಹಾಸುಗಲ್ಲು ಸರಿಸಿದಾಗ ಅದೇ ಹುಳಿ ವಾಸನೆ, ತಲೆ ತಿರುಗುವಷ್ಟು. ಬಚ್ಚಲ ನೀರು ಒಳಗೆ ಇಳಿದು ಅಪ್ಪನ ಜೋಳ ಕೊಳೆತು ಕುದಿಯುತ್ತಿತ್ತು. ಬಾಣಂತಿಗೆಂದು ಹಂಡೆಗಟ್ಟಲೆ ಸುರಿದ ನೀರು.

ಮಗು ಉಸಿರಿಗಾಗಿ ಅಳುತ್ತಿತ್ತು. ನಾವು ಜೋಗುಳ ಹಾಡಿದೆವು.

21-9-76, ಮಧ್ಯಾಹ್ನ

ಅವ್ವ ದೀಪ ಹಚ್ಚಲು ಹೇಳುವುದೂ ಬಿಟ್ಟಿದ್ದಾಳೆ. ಗಿಳಿಯ ತೊಟ್ಟಿಲನ್ನು ಅಟ್ಟಕ್ಕೆ ಹಾಕಲು ಎತ್ತಿದೆ. ದುಂಡವ್ವ ಕಂಬಕ್ಕೆ ಒರಗಿ ಕೂತಿದ್ದಳು. ಅಂದಿನಿಂದ ಮೊದಲ ಮಾತು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಹಗೇವಿನ್ಯಾಗ ದೀಪಾ ಹ್ವಾದರ ಒಳಗಿದ್ದಾರನ್ನ ಮ್ಯಾಲ ಎತ್ತತಾರಲ್ಲ ಅಣ್ಣಾ?"

ಹೌದು ಅಂದೆ.

"ನೀ ದೀಪಾ ಎತ್ತಿದಿ."

ತೊಟ್ಟಿಲು ಕೈಯಲ್ಲೇ ಇತ್ತು. ಕೂಸನ್ನು ನೆಲದ ಮೇಲೇ ಬಿಟ್ಟಿದ್ದೆ.